ಹಾಳೆ ತಿರುಗಿಸುವಾಗ ‘ರೈಟ್’

ನಮ್ಮೂರಿನ ಕೆಲವು ಮಕ್ಕಳು ಈಗಲೂ ಪುಸ್ತಕದ ಹಾಳೆ ತಿರುಗಿಸುವ ಮೊದಲು ಹೆಬ್ಬೆರಳನ್ನು ನಾಲಿಗೆಗೆ ತಾಗಿಸಿ, ಮೆಲ್ಲಗೆ ‘ರೈಟ್’ ಎನ್ನುತ್ತಾರೆ. ಓದುವವರೆಲ್ಲ ಹಾಗೆಯೇ ಮಾಡುವುದು ಎಂದು ಅವರು ತಿಳಿದಿದ್ದರು. ಅಲ್ಲವೆಂದು ಗೊತ್ತಾದ ಮೇಲೂ ಅಭ್ಯಾಸ ಬಿಟ್ಟುಹೋಗಲಿಲ್ಲ. ಇದರಲ್ಲಿ ಅವರ ತಪ್ಪೇನೂ ಇಲ್ಲ. ಒಂದಷ್ಟು ಕಾಲ ಅವರನ್ನು ಓದಲು ಕೂರಿಸಿದವನು ಒಬ್ಬ ಬಸ್ ಕಂಡಕ್ಟರ್. ಆ ಕಂಡಕ್ಟರ್ ನಾನು.

ಬಂಟ್ವಾಳದಿಂದ ಮೂಡುಬಿದಿರೆಗೆ ಹೋಗುವ ಸರ್ವಿಸ್ ಬಸ್ಸಿನಲ್ಲಿ ನನ್ನ ಕೆಲಸ. ಬೆಳಗ್ಗಿನಿಂದ ಮಧ್ಯಾಹ್ನದವರೆಗೆ ನಾನು, ಆಮೇಲೆ ಇನ್ನೊಬ್ಬ. ಮೂಡುಬಿದಿರೆ ಬಸ್‌ಸ್ಟ್ಯಾಂಡಿನಲ್ಲಿ ಕಾಲೇಜಿನ ಮಕ್ಕಳು, ಬೀದರಿನವರು, ಬಳ್ಳಾರಿಯವರು, ಬೋರ್ಡು ಓದಿ ಬಸ್ಸು ಹತ್ತುತ್ತಾರೆ. ನಮ್ಮ ಕಡೆಯವರು ಬೋರ್ಡಿನ ಕಡೆ ನೋಡುವುದೇ ಇಲ್ಲ, ಕಂಡಕ್ಟರನ ಬಾಯಿ ಕೇಳುತ್ತಾರೆ. “ಸಿದ್ಧಕಟ್ಟೆ ಬಂಟ್ವಾಳ ಬಂಟ್ವಾಳ” ಎಂದು ನಾನು ಉಸಿರು ಬಿಡದೆ ಕೂಗಿದರೆ ಅದೇ ಅವರಿಗೆ ಬೋರ್ಡು. ನನಗೂ ಅದೇ ಅನುಕೂಲ. ಬಾಯಿಪಾಠದಲ್ಲಿ ನಾನು ಗಟ್ಟಿ, ಓದಿನಲ್ಲಿ ಅಲ್ಲ.

ಐದನೇ ಕ್ಲಾಸಿನವರೆಗೆ ನಾನು ಊರಿನ ಶಾಲೆಯಲ್ಲಿ ಕಲಿತೆ. ಆರನೆಯದಕ್ಕೆ ದೊಡ್ಡ ಶಾಲೆಗೆ ಹೋದೆ. ಅಲ್ಲಿ ಒಂದು ದಿನ ಸಮಾಜ ಪಾಠದ ಮಾಸ್ಟ್ರು ನನ್ನನ್ನು ಎದ್ದು ಓದಲು ಹೇಳಿದರು. ನಾನು ಎದ್ದೆ. ಅಷ್ಟೇ ಆದದ್ದು. ಇಡೀ ಕ್ಲಾಸು ನನ್ನ ಬಾಯಿ ನೋಡುತ್ತಿತ್ತು, ನಾನು ಪುಸ್ತಕ ನೋಡುತ್ತಿದ್ದೆ, ಪುಸ್ತಕ ಮಾತಾಡಲಿಲ್ಲ. ಆಮೇಲೆ ಹಿಂದಿನ ಬೆಂಚಿನಲ್ಲಿ ಒಬ್ಬ ನಕ್ಕ. ಮರುವಾರದಿಂದ ಚೀಲ ಹಿಡಿದು ಮನೆಯಿಂದ ಹೊರಟವನು ಶಾಲೆಗೆ ಹೋಗದೆ ಬಸ್ಸು ತೊಳೆಯುವಲ್ಲಿ ಹೋಗಿ ನಿಲ್ಲತೊಡಗಿದೆ. ಹಾಗೆ ಬಸ್ಸು ಹತ್ತಿದವನು ಇನ್ನೂ ಇಳಿದಿಲ್ಲ.

ಈಗ ನಿಧಾನಕ್ಕೆ ಓದುತ್ತೇನೆ. ಪೇಪರಿನ ದೊಡ್ಡ ಅಕ್ಷರಗಳು ಸಲೀಸು. ಉದ್ದದ ಶಬ್ದ ಬಂದರೆ ಮೊದಲ ಅಕ್ಷರ ನೋಡಿ ಉಳಿದದ್ದನ್ನು ಅಂದಾಜು ಮಾಡುತ್ತೇನೆ. ಹೆಚ್ಚಾಗಿ ಸರಿಯಾಗುತ್ತದೆ. ಸರಿಯಾಗದಿದ್ದರೂ ನನಗೆ ಗೊತ್ತಾಗುವುದಿಲ್ಲವಾದ್ದರಿಂದ ಬೇಸರವಿಲ್ಲ.

ನನ್ನ ತಂಗಿ ಹಾಗಲ್ಲ. ಅವಳು ಮೂಡುಬಿದಿರೆಯ ಒಂದು ಶಾಲೆಯಲ್ಲಿ ಟೀಚರ್. ಮದುವೆಯಾಗಿ ಮಿಜಾರಿನ ಹತ್ತಿರ ಇದ್ದಾಳೆ. ನಾವು ಹುಟ್ಟಿದ ಊರು ಸಿದ್ಧಕಟ್ಟೆಯಿಂದ ಒಳಗೆ. ನಮ್ಮ ಗದ್ದೆಯ ಬದಿಯಲ್ಲಿ ಹರಿಯುವ ತೋಡು ದಾಟಿದರೆ ಬೆಳ್ತಂಗಡಿ ತಾಲೂಕು. ನಾನು ಅಲ್ಲೇ ಉಳಿದಿದ್ದೇನೆ. ಊರಿನ ಶಾಲೆಯ ಹೆಡ್ ಟೀಚರು ಒಮ್ಮೆ ನನ್ನ ಬಸ್ಸಿನಲ್ಲೇ ತಂಗಿಯ ಪಕ್ಕ ಕೂತು ತಮ್ಮ ಸಂಕಟ ಹೇಳಿಕೊಂಡರು. ನಾಲ್ಕು, ಐದನೇ ಕ್ಲಾಸಿನ ಕೆಲವು ಮಕ್ಕಳಿಗೆ ಎರಡನೇ ಕ್ಲಾಸಿನ ಪುಸ್ತಕವನ್ನೂ ಓದಲು ಬರುವುದಿಲ್ಲ. ಮನೆಯಲ್ಲಿ ತುಳು, ಆಟದಲ್ಲಿ ತುಳು. ಕನ್ನಡ ಅವರಿಗೆ ಪುಸ್ತಕದೊಳಗೆ ಮಾತ್ರ ವಾಸ ಮಾಡುವ ಭಾಷೆ. ಆ ಮಾತು ತಂಗಿಯ ತಲೆಗೆ ಹೊಕ್ಕಿತು. ವಾರದಲ್ಲಿ ಕೆಲವು ಸಂಜೆ ತನ್ನ ಶಾಲೆ ಬಿಟ್ಟ ಮೇಲೆ ಬಸ್ಸು ಹಿಡಿದು ಬಂದು, ನಮ್ಮ ಭಜನಾ ಮಂದಿರದ ಜಗಲಿಯಲ್ಲಿ ಆ ಮಕ್ಕಳನ್ನು ಕೂರಿಸಿ ಓದಿಸತೊಡಗಿದಳು.

ಅವಳ ಕ್ರಮ ನನಗೆ ವಿಚಿತ್ರವಾಗಿ ಕಾಣುತ್ತಿತ್ತು. ಮಗು ಶಬ್ದದ ಕೆಳಗೆ ಬೆರಳಿಟ್ಟು ಓದಬೇಕು. ಎಲ್ಲಾದರೂ ಸಿಕ್ಕಿಹಾಕಿಕೊಂಡರೆ ಅವಳು ಹೇಳಿಕೊಡುತ್ತಿರಲಿಲ್ಲ, ಸುಮ್ಮನೆ ಕಾಯುತ್ತಿದ್ದಳು. ಮಗು ಕಾಲು ಕೆರೆದುಕೊಳ್ಳುತ್ತಿತ್ತು, ತಲೆಯೆತ್ತಿ ಮಾಡು ನೋಡುತ್ತಿತ್ತು, ಮತ್ತೆ ಪುಸ್ತಕ ನೋಡುತ್ತಿತ್ತು. ಬಸ್ಸಾಗಿದ್ದರೆ ಅಷ್ಟರಲ್ಲಿ ಮುಂದಿನ ಸ್ಟಾಪು ಬರುತ್ತಿತ್ತು.

ಆ ಮಕ್ಕಳಲ್ಲಿ ಐದನೇ ಕ್ಲಾಸಿನ ಒಬ್ಬ ಹುಡುಗಿ ಇದ್ದಳು. ತಾಯಿ ಮನೆಯಲ್ಲಿ ಬೀಡಿ ಕಟ್ಟುತ್ತಾರೆ. ತುಳುವಿನಲ್ಲಿ ಅವಳ ಬಾಯಿಗೆ ಯಾರೂ ಎದುರಿಲ್ಲ. ಒಮ್ಮೆ ನನ್ನ ಬಸ್ಸಿನಲ್ಲಿ ಸೀಟಿಗಾಗಿ ಒಬ್ಬ ದೊಡ್ಡ ಗಂಡಸಿನೊಡನೆ ವಾದಿಸಿ ಗೆದ್ದಿದ್ದಳು. ಆದರೆ ಪುಸ್ತಕ ತೆರೆದರೆ ಅವಳ ಬಾಯಿ ಮುಚ್ಚುತ್ತಿತ್ತು. ಜೂನಿನಲ್ಲಿ ಅವಳು ದೊಡ್ಡ ಶಾಲೆಗೆ ಹೋಗಬೇಕಿತ್ತು. ನಾನು ಬಿಟ್ಟುಬಂದ ಅದೇ ಶಾಲೆ.

“ಉಳಿದವರದ್ದು ಹೇಗಾದರೂ ಆಗ್ತದೆ ಅಣ್ಣ,” ಎಂದಿದ್ದಳು ತಂಗಿ. “ಇವಳದ್ದೇ ಹೆದರಿಕೆ ನನಗೆ. ಓದಲು ಬಾರದೆ ಅಲ್ಲಿಗೆ ಹೋದರೆ, ಯಾರಾದರೂ ಒಂದು ಸಲ ನಗೆಯಾಡಿದರೆ ಸಾಕು, ಮತ್ತೆ ಹೋಗಲಿಕ್ಕಿಲ್ಲ ಇವಳು.”

ನಿನ್ನ ಹಾಗೆ ಎಂದು ಅವಳು ಹೇಳಲಿಲ್ಲ. ಒಳ್ಳೆಯವಳು.

ಹೀಗಿರುವಾಗ ಅವಳ ಅತ್ತೆ ಬಚ್ಚಲಿನಲ್ಲಿ ಜಾರಿ ಬಿದ್ದು ಕಾಲು ಮುರಿದುಕೊಂಡರು. ಶಾಲೆ ಬಿಟ್ಟ ಕೂಡಲೇ ತಂಗಿ ಮನೆ ಸೇರಬೇಕಾಯಿತು. ಅವಳು ನನಗೆ ಫೋನ್ ಮಾಡಿದಳು.

“ಅಣ್ಣ, ಸಂಜೆ ನೀನು ಖಾಲಿ ಅಲ್ವಾ? ಅತ್ತೆ ಎದ್ದು ನಡೆಯುವಷ್ಟು ಸಮಯ ಮಕ್ಕಳೊಟ್ಟಿಗೆ ನೀನು ಕೂತುಕೋ.”

“ನಾನಾ? ನನಗೆ ಎಂತ ಬರ್ತದೆ?”

“ಬರುವುದು ಬೇಡ. ಹೇಳಿಕೊಡ್ಲಿಕ್ಕೇ ಇಲ್ಲ. ಅವರು ಓದುವಾಗ ಕಾಯುವುದು, ಅಷ್ಟೇ ಕೆಲಸ.” ಆಮೇಲೆ, “ನನಗೆ ಓದು ಹಿಡಿಸಿದ್ದು ನೀನೇ ಅಲ್ವಾ?” ಎಂದಳು.

ಅವಳು ಸಣ್ಣವಳಿರುವಾಗ, ಅಂಗಡಿಯ ಸಾಮಾನು ಕಟ್ಟಿದ ಪೇಪರಿನಲ್ಲಿ ಮಕ್ಕಳ ಪುಟ ಸಿಕ್ಕಿದರೆ ನಾನು ಅದನ್ನು ತೊಡೆಯ ಮೇಲೆ ಹರವಿಕೊಂಡು ಅವಳಿಗೆ ಕಥೆ ಓದುತ್ತಿದ್ದೆ. ಓದುತ್ತಿದ್ದೆ ಎಂದರೆ, ಚಿತ್ರ ನೋಡಿ ಹೇಳುತ್ತಿದ್ದೆ. ನರಿಯ ಚಿತ್ರ ಇದ್ದರೆ ನರಿಯ ಕಥೆ. ನಿನ್ನೆ ಹೇಳಿದ್ದು ಮರೆತಿದ್ದರೆ ಇವತ್ತು ಬೇರೆ. ಅವಳು ಬಾಯಿ ತೆರೆದು ಕೇಳುತ್ತಿದ್ದಳು. ಅಣ್ಣನಿಗೆ ಓದಲು ಬರುತ್ತದೆ ಎಂದು ನಂಬಿದ ಒಬ್ಬಳಾದರೂ ಲೋಕದಲ್ಲಿ ಇದ್ದಾಳಲ್ಲ ಎಂದು ನನಗೆ ಸಮಾಧಾನ. ಆ ಸಮಾಧಾನವನ್ನು ಫೋನಿನಲ್ಲಿ ಕಳೆದುಕೊಳ್ಳಲು ಮನಸ್ಸಾಗಲಿಲ್ಲ. “ಆಯ್ತು,” ಎಂದೆ.

ಓದಬೇಕಾದ ಪುಸ್ತಕಕ್ಕೆ ಪುಸ್ತಕ ಎನ್ನುವಂತಿಲ್ಲ. ತಂಗಿ ಒಂದು ಕಥೆಯನ್ನು ಜೆರಾಕ್ಸ್ ಮಾಡಿಸಿ, ಪಿನ್ನು ಹೊಡೆದು ಒಬ್ಬೊಬ್ಬರಿಗೆ ಒಂದೊಂದು ಕೊಟ್ಟಿದ್ದಳು. ಹಾಳೆಯ ಒಂದು ಬದಿಯಲ್ಲಿ ಅಕ್ಷರ, ಹಿಂದುಗಡೆ ಖಾಲಿ. ಕಥೆ ಒಂದು ಏಡಿಯದ್ದು. ಅದಕ್ಕೆ ಮಳೆಯೆಂದರೆ ಭಯ. ಅದು ಕೊಡೆ ಹುಡುಕಿಕೊಂಡು ಊರೆಲ್ಲ ಸುತ್ತುತ್ತದೆ. ಕೊನೆಗೆ ಒಂದು ಕೆಸುವಿನ ಎಲೆ ಸಿಕ್ಕುತ್ತದೆ, ಅಷ್ಟರಲ್ಲಿ ಮಳೆ ನಿಂತಿರುತ್ತದೆ.

ಮಕ್ಕಳ ಎದುರು ನನ್ನ ಮರ್ಯಾದೆ ಹೋಗಬಾರದೆಂದು ನಾನು ಆ ಕಥೆಯನ್ನು ಮೊದಲೇ ಅಭ್ಯಾಸ ಮಾಡಿದೆ. ಬಂಟ್ವಾಳದಲ್ಲಿ ಬಸ್ಸು ನಿಂತಿರುವಾಗ ಹಿಂದಿನ ಸೀಟಿನಲ್ಲಿ ಕೂತು ಏಡಿಯೊಡನೆ ಗುದ್ದಾಡುವುದನ್ನು ನಮ್ಮ ಡ್ರೈವರ್ ಕನ್ನಡಿಯಲ್ಲಿ ನೋಡಿದ.

“ಎಂತ ಮಾರಾಯ, ಪರೀಕ್ಷೆಗೆ ಕಟ್ಟಿದ್ದೀಯಾ?”

“ಸುಮ್ಮನೆ ಇರು. ಏಡಿ ಈಗ ತೋಡಿನ ಹತ್ತಿರ ಬಂದಿದೆ.”

“ಬೇಗ ದಾಟಿಸು. ಟೈಮಾಯ್ತು.”

ಮೊದಲ ಸಂಜೆ ನಾನು ತಂಗಿಯಂತೆಯೇ ಚಕ್ಕಳಮಕ್ಕಳ ಹಾಕಿ ಕೂತೆ. ಆ ಹುಡುಗಿಯನ್ನೇ ಮೊದಲು ಕರೆದೆ. ಅವಳು ಬೆರಳಿಟ್ಟಳು. ‘ಒಂದು’ ಎಂದಳು. ಮುಂದಿನ ಶಬ್ದದಲ್ಲಿ ನಿಂತಳು. ನಾನು ಕಾದೆ. ಉಳಿದ ಮಕ್ಕಳೆಲ್ಲ ಅವಳ ಬಾಯಿ ನೋಡುತ್ತಿದ್ದರು. ಅವಳ ಕಿವಿ ಕೆಂಪಾಯಿತು. ಸತ್ಯವಾಗಿ ಹೇಳುತ್ತೇನೆ, ನನ್ನ ಬೆನ್ನು ಬೆವರಿತು. ದೊಡ್ಡ ಶಾಲೆಯ ಆ ಹಿಂದಿನ ಬೆಂಚು ನನ್ನ ಬೆನ್ನ ಹಿಂದೆಯೇ ಬಂದು ಕೂತ ಹಾಗಾಯಿತು. ಅವಳು ನಾಚಿದ್ದೋ ನಾನು ನಾಚಿದ್ದೋ ತಿಳಿಯದೆ, ನಾನೇ ಬಾಯಿ ಬಿಟ್ಟೆ: “ಒಂದು ಊರಿನಲ್ಲಿ ಒಂದು ಏಡಿ ಇತ್ತು.”

“ಒಂದು ಊರಿನಲ್ಲಿ ಒಂದು ಏಡಿ ಇತ್ತು,” ಎಂದಳು ಅವಳು ಕೂಡಲೇ, ಗಂಟೆ ಹೊಡೆದ ಹಾಗೆ.

ಎಷ್ಟು ಹಿತವಾಯಿತೆಂದರೆ, ಮುಂದಿನ ಸಾಲನ್ನೂ ಹೇಳಿದೆ.

ಇಲ್ಲಿ ನನ್ನ ಇನ್ನೊಂದು ಕಸುಬಿನ ವಿಷಯ ಹೇಳಬೇಕು. ಶನಿವಾರ ನಮ್ಮ ಮಂದಿರದಲ್ಲಿ ಭಜನೆ. ಮಕ್ಕಳ ಕುಣಿತ ಭಜನೆಯ ತಂಡವೂ ಇದೆ. ಹಾಡು ಹೇಳಿಕೊಡುವವನು ನಾನು. ನಾನು ಒಂದು ಸಾಲು ಹೇಳುತ್ತೇನೆ, ಅವರು ಅದನ್ನೇ ತಿರುಗಿ ಹೇಳುತ್ತಾರೆ, ತಾಳ ತಪ್ಪಿದರೆ ಮತ್ತೊಮ್ಮೆ. ಪುಸ್ತಕ ಯಾರಿಗೂ ಬೇಕಾಗಿಲ್ಲ. ಈ ಮಕ್ಕಳೆಲ್ಲ ಅದೇ ತಂಡದವರು. ಹಾಗಾಗಿ ನಾಲ್ಕನೇ ಕ್ಲಾಸಿನ ಒಬ್ಬ ತುಂಟ ಹುಡುಗ ಕೇಳಿದಾಗ ನನಗೆ ತಡೆಯಲು ಆಗಲಿಲ್ಲ.

“ಕಂಡಕ್ಟರ್ ಮಾಮ, ಎಲ್ಲ ಒಟ್ಟಿಗೆ ಮಾಡುವ. ನೀವು ಹೇಳಿ, ನಾವು ಹೇಳ್ತೇವೆ. ಭಜನೆಗೆ ಹಾಗೇ ಅಲ್ವಾ?”

“ಹೌದಲ್ಲ,” ಎಂದೆ ನಾನು, ದೊಡ್ಡ ಉಪಾಯ ಹೊಳೆದವನಂತೆ.

ಆಮೇಲಿನ ಸಂಜೆಗಳು ಚೆಂದವಾಗಿದ್ದವು. ನಾನು ಏಡಿಯನ್ನು ಸಾಲು ಸಾಲಾಗಿ ಹೇಳಿದೆ. ಅವರು ಜೆರಾಕ್ಸ್ ಹಿಡಿದುಕೊಂಡು ತಿರುಗಿ ಹೇಳಿದರು. ಒಂದು ಹಾಳೆ ಮುಗಿದರೆ ಬಸ್ಸಿನ ಅಭ್ಯಾಸದಿಂದ ನಾನು ಹೆಬ್ಬೆರಳನ್ನು ನಾಲಿಗೆಗೆ ತಾಗಿಸಿ, “ರೈಟ್” ಎಂದು ತಿರುಗಿಸುತ್ತಿದ್ದೆ. ಎಲ್ಲ ಹೆಬ್ಬೆರಳುಗಳೂ ಎಲ್ಲ ನಾಲಿಗೆಗಳಿಗೆ ತಾಗುತ್ತಿದ್ದವು. ‘ರೈಟ್’ ಎಂದು ಎಲ್ಲರೂ ಅನ್ನುತ್ತಿದ್ದರು. ಅದನ್ನು ನಾನು ಗಮನಿಸಿದವನೇ ಅಲ್ಲ. ನನ್ನ ಕಿವಿಗೆ ಅದು ದಿನವಿಡೀ ಕೇಳುವ ಶಬ್ದ.

ಕೆಲವು ದಿನಗಳಲ್ಲಿ ಮಕ್ಕಳು ನನ್ನನ್ನು ಬಿಟ್ಟೇ ಏಡಿಯನ್ನು ಊರು ಸುತ್ತಿಸತೊಡಗಿದರು. ಎಲ್ಲಿಯೂ ತಡವರಿಕೆ ಇಲ್ಲ. ತಂಗಿಗೆ ಫೋನ್ ಮಾಡಿ ಸ್ಪೀಕರಿನಲ್ಲಿ ಹಾಕಿದೆ. ತುಂಟ ಓದಿದ. ಇನ್ನಿಬ್ಬರು ಓದಿದರು. ಆಮೇಲೆ ಆ ಹುಡುಗಿ. ಅವಳ ದನಿ ಚೆಂದ. ಏಡಿ ಮಳೆಗೆ ಹೆದರಿ ಬಿಲದೊಳಗೆ ಕೂತಲ್ಲಿ ಕೇಳುವವರಿಗೇ ಚಳಿಯಾಗಬೇಕು.

“ಇದು ಯಾರು?” ಎಂದಳು ತಂಗಿ.

“ಅವಳೇ.”

ಆ ಕಡೆಯಿಂದ ಮೂಗು ಎಳೆದ ಶಬ್ದ ಮಾತ್ರ ಕೇಳಿತು.

“ಶೀತ ಉಂಟಾ?” ಎಂದೆ.

“ಇಲ್ಲ ಅಣ್ಣ. ನೀನು ಹೇಗೆ ಮಾಡಿದ್ದು ಇದನ್ನು?”

“ಕಾದೆ,” ಎಂದೆ ನಾನು.

ಈ ಬರಹದಲ್ಲಿ ನಾನು ಒಪ್ಪಿಕೊಳ್ಳಬೇಕಾದದ್ದು ಮುಖ್ಯವಾಗಿ ಆ ಒಂದು ಶಬ್ದವನ್ನು.

ಫೋನ್ ಇಟ್ಟ ಮೇಲೆ ಉಳಿದವರು ಅಂಗಳಕ್ಕೆ ಓಡಿದರು. ಹುಡುಗಿ ಮಾತ್ರ ಜೆರಾಕ್ಸ್ ಮಡಚುತ್ತಾ ನಿಂತಿದ್ದಳು.

“ಮಾಮ, ಅದು ಓದಿದ್ದಾ?”

“ಮತ್ತೆಂತ?”

“ನಾನು ಗೋಡೆ ನೋಡ್ತಾ ಇದ್ದೆ.”

“ಗೋಡೆ ನೋಡಿಯೂ ಓದ್ತೀಯಲ್ಲ, ನೀನು ಭಾರೀ ಹುಷಾರು,” ಎಂದು ನಗಿಸಿದೆ. ಅವಳು ನಗಲಿಲ್ಲ.

ತಂಗಿಯ ಅತ್ತೆ ಕೋಲು ಹಿಡಿದು ನಡೆಯುವಂತಾದರು. ಒಂದು ಶನಿವಾರ, ಭಜನೆಗೆ ಮೊದಲು, ತಂಗಿ ಬಂದಳು. ಖುಷಿಯಲ್ಲಿ ಹೆಡ್ ಟೀಚರನ್ನು ಕರೆದಿದ್ದಳು, ಮಕ್ಕಳ ತಾಯಂದಿರನ್ನೂ ಕರೆದಿದ್ದಳು. ಜೊತೆಗೆ ಹೊಸ ಪುಸ್ತಕಗಳ ಒಂದು ಕಟ್ಟು. “ಜೆರಾಕ್ಸ್ ಸಾಕು ಇನ್ನು. ಅದೇ ಏಡಿ, ಆದರೆ ಸರಿಯಾದ ಪುಸ್ತಕ. ಬಣ್ಣದ ಚಿತ್ರ ಉಂಟು ನೋಡಿ,” ಎಂದು ಹಂಚಿದಳು.

ನನಗೆ ಆಗಲೂ ಏನೂ ಅನ್ನಿಸಲಿಲ್ಲ. ಏಡಿ ಏಡಿಯೇ ತಾನೆ.

ತುಂಟ ಎದ್ದು ನಿಂತ. ಜೆರಾಕ್ಸಿನಲ್ಲಿ ಅಕ್ಷರ ಇದ್ದದ್ದು ಹಾಳೆಯ ಒಂದೇ ಬದಿಯಲ್ಲಿ. ಪುಸ್ತಕದಲ್ಲಿ ಎರಡೂ ಬದಿಯಲ್ಲಿ. ಅವನಿಗೆ ಅದು ಹೇಗೆ ಗೊತ್ತಾಗಬೇಕು? ಅವನು ಅಕ್ಷರ ನೋಡಿದವನೇ ಅಲ್ಲ. ಒಂದು ಪುಟದ ಮಾತು ಮುಗಿಸಿದ, ಹೆಬ್ಬೆರಳು ನಾಲಿಗೆಗೆ, “ರೈಟ್,” ತಿರುಗಿಸಿದ. ಮತ್ತೊಂದು ಪುಟದ ಮಾತು, “ರೈಟ್,” ತಿರುಗಿಸಿದ. ಪುಸ್ತಕದಲ್ಲಿ ಏಡಿ ಆಗಲೇ ಕೊಡೆಯಂಗಡಿಯಲ್ಲಿ ನಿಂತಿತ್ತು, ಇವನ ಬಾಯಲ್ಲಿ ಇನ್ನೂ ಬಿಲದಲ್ಲೇ ಇತ್ತು. ಹೀಗೆ ಕಥೆ ಅರ್ಧವಾಗುವಾಗ ಪುಸ್ತಕ ಪೂರ್ತಿಯಾಯಿತು. ಅವನು ಗಾಬರಿಯಾಗಲಿಲ್ಲ. ಹಿಂದಿನ ರಟ್ಟನ್ನು ಕಣ್ಣೆದುರು ಹಿಡಿದುಕೊಂಡು ಉಳಿದರ್ಧ ಕಥೆಯನ್ನು ಬಹಳ ಗಂಭೀರವಾಗಿ ಓದಿ ಮುಗಿಸಿದ. ರಟ್ಟಿನ ಮೇಲೆ ಒಂದು ಮೋಡದ ಚಿತ್ರ ಇತ್ತು, ಅಷ್ಟೇ.

ತಾಯಂದಿರು ಚಪ್ಪಾಳೆ ತಟ್ಟಿದರು. ಹೆಡ್ ಟೀಚರು ಚಪ್ಪಾಳೆಗೆ ಎತ್ತಿದ ಕೈಯನ್ನು ಹಾಗೇ ಗಲ್ಲಕ್ಕೆ ಹಚ್ಚಿಕೊಂಡರು. ತಂಗಿ ನನ್ನ ಕಡೆ ನೋಡಿದಳು. ನಾನು ಕಂಬದ ಕಡೆ ನೋಡಿದೆ.

ಆಮೇಲೆ ಹುಡುಗಿಯ ಸರದಿ. ಮೊದಲ ಪುಟ ಹೇಳಿದಳು. ಹೆಬ್ಬೆರಳು ನಾಲಿಗೆಗೆ ಹೋಯಿತು, ಆದರೆ ‘ರೈಟ್’ ಬರಲಿಲ್ಲ. ಎದುರಿನ ಪುಟ ನೋಡಿದಳು, ಅಲ್ಲಿನ ಚಿತ್ರ ನೋಡಿದಳು. ತುಂಟ ಮಾಡಿದ್ದನ್ನು ಅವಳು ಗಮನಿಸಿದ್ದಳು ಅಂತ ಕಾಣುತ್ತದೆ. ಎಲ್ಲಿಂದ ಮುಂದುವರಿಯಬೇಕೆಂದು ಗೊತ್ತಾಗದೆ ನಿಂತುಬಿಟ್ಟಳು. ಅಷ್ಟು ಮಕ್ಕಳಲ್ಲಿ ಪುಸ್ತಕವನ್ನು ನಿಜವಾಗಿ ನೋಡಿದವಳು ಅವಳೊಬ್ಬಳೇ. ಹಾಗೆ ನೋಡಿದ್ದಕ್ಕೇ ಅವಳ ಬಾಯಿ ಕಟ್ಟಿತು.

ಯಾರೋ ಒಬ್ಬರು “ಪಾಪ, ಇದಕ್ಕೆ ಬರುವುದಿಲ್ಲ,” ಎಂದರು. ಅವಳ ತಾಯಿ ಸೆರಗಿನ ತುದಿ ನೋಡತೊಡಗಿದರು. ನಾನು ಕಂಬದ ಮರೆಯಿಂದ ತುಟಿಯಾಡಿಸಿ ಮುಂದಿನ ಸಾಲು ಎಸೆದೆ. ಅವಳು ನೋಡಿದಳು. ಸಾಲು ಅವಳಿಗೆ ಗೊತ್ತಿಲ್ಲದ್ದೇನೂ ಅಲ್ಲ, ನಿದ್ದೆಯಲ್ಲೂ ಹೇಳಬಲ್ಲಳು. ಆದರೂ ಹೇಳಲಿಲ್ಲ. ಪುಸ್ತಕ ಮುಚ್ಚಿ ನೆಲದ ಮೇಲಿಟ್ಟು, ಚಪ್ಪಲಿ ಹಾಕಿಕೊಂಡು ಹೊರಟೇಹೋದಳು.

ತಂಗಿಯನ್ನು ಬಸ್ಸಿಗೆ ಬಿಡಲು ನಾನು ಹೋದೆ. ಸ್ಟಾಪು ಬಂದ ಮೇಲೆ ಕೇಳಿದಳು.

“ಅಣ್ಣ, ಮಕ್ಕಳು ರೈಟ್ ಅಂತ ಯಾಕೆ ಹೇಳ್ತಾರೆ?”

ನಾನು ಎಲ್ಲವನ್ನೂ ಹೇಳಿದೆ. ಬೆವರು, ಭಜನೆ, ಫೋನು, ಗೋಡೆ. ಹೇಳುತ್ತಾ ಹೋದಂತೆ ಇನ್ನೂ ಹಿಂದಿನದಕ್ಕೆ ಹೋದೆ. ಪೇಪರಿನ ಕಥೆಗಳನ್ನು ನಾನು ಓದುತ್ತಿರಲಿಲ್ಲ, ಚಿತ್ರ ನೋಡಿ ಹೇಳುತ್ತಿದ್ದೆ ಎಂದೂ ಹೇಳಿದೆ.

ಅವಳು ಬೈಯುತ್ತಾಳೆ ಎಂದುಕೊಂಡಿದ್ದೆ. ನಗತೊಡಗಿದಳು.

“ಅದು ನನಗೆ ಗೊತ್ತಿಲ್ಲದೆಯಾ? ನರಿ ಒಂದು ದಿನ ಬಾವಿಗೆ ಬಿತ್ತು. ಮರುದಿನ ಅದೇ ಪೇಪರಿನಲ್ಲಿ ಅದಕ್ಕೆ ಮದುವೆ. ಇದರಲ್ಲಿ ಯಾವುದು ಸರಿ ಅಂತ ನೋಡ್ಲಿಕ್ಕೇ ನಾನು ಓದಲು ಕಲಿತದ್ದು ಮಾರಾಯ.”

“ಯಾವುದು ಸರಿ ಇತ್ತು?”

“ಎರಡೂ ಅಲ್ಲ. ಅದು ನರಿಯೇ ಅಲ್ಲ, ನಾಯಿ.”

ನನಗೂ ನಗು ಬಂತು. ಆದರೆ ಕೇಳಬೇಕಾದ ಮಾತು ಇನ್ನೊಂದಿತ್ತು. “ನನಗೆ ಸರಿಯಾಗಿ ಓದಲು ಬರುವುದಿಲ್ಲ ಅಂತ ಗೊತ್ತಿದ್ದೂ ಮಕ್ಕಳನ್ನು ನನಗೆ ಯಾಕೆ ಒಪ್ಪಿಸಿದ್ದು?”

ಅವಳು ಬರುತ್ತಿದ್ದ ಬಸ್ಸಿನ ಕಡೆ ನೋಡಿದಳು. “ಓದ್ಲಿಕ್ಕೆ ಬಾರದಿದ್ದರೆ ಹೇಗಾಗ್ತದೆ ಅಂತ ಗೊತ್ತಿರುವವ ಬೇರೆಯವರಿಗಿಂತ ಚೆಂದ ಕಾಯ್ತಾನೆ ಅಂತ ಎಣಿಸಿದ್ದೆ,” ಎಂದಳು. ಹತ್ತುವಾಗ ತಿರುಗಿ, “ಆ ಹುಡುಗಿ ಇನ್ನು ಬರ್ಲಿಕ್ಕಿಲ್ಲ. ಕರೆದುಕೊಂಡು ಬರುವುದು ನಿನ್ನ ಕೆಲಸ,” ಎಂದಳು.

ಅವಳು ಹೇಳಿದ ಹಾಗೇ ಆಯಿತು. ಹುಡುಗಿ ಜಗಲಿಗೂ ಬರಲಿಲ್ಲ, ಭಜನೆಗೂ ಬರಲಿಲ್ಲ. ನಾನು ಏನೇನೋ ನೆಪ ಹೇಳಿ ಒಂದೆರಡು ದಿನ ತಳ್ಳಿದೆ. ಕೊನೆಗೆ ಒಂದು ಮಧ್ಯಾಹ್ನ ಡ್ಯೂಟಿ ಮುಗಿಸಿ, ಯೂನಿಫಾರ್ಮ್‌ನಲ್ಲೇ, ಹೊಸ ಪುಸ್ತಕ ಹಿಡಿದುಕೊಂಡು ಅವಳ ಮನೆಗೆ ಹೋದೆ. ತಾಯಿ ಜಗಲಿಯಲ್ಲಿ ಗೆರಸೆ ಮಡಿಲಲ್ಲಿಟ್ಟು ಬೀಡಿ ಕಟ್ಟುತ್ತಿದ್ದರು.

“ಒಳಗೆ ಉಂಟು ಅದು,” ಎಂದರು ತಾಯಿ. “ಇನ್ನು ಓದುವುದಿಲ್ಲವಂತೆ. ದೊಡ್ಡ ಶಾಲೆಯೂ ಬೇಡವಂತೆ. ಬೀಡಿ ಕಟ್ಟಲು ಕೂತುಕೊಳ್ತದಂತೆ. ಭಾರೀ ಕಸುಬು ಗೊತ್ತಿರುವವರ ಹಾಗೆ ಮಾತಾಡ್ತದೆ ಮಾರಾಯ್ರೆ, ನಾಲ್ಕು ಬೀಡಿಯೂ ನೆಟ್ಟಗೆ ಬರುವುದಿಲ್ಲ ಅದರ ಕೈಯಲ್ಲಿ.”

ಬಾಗಿಲ ಸಂದಿಯಲ್ಲಿ ಒಂದು ಫ್ರಾಕಿನ ಅಂಚು ಕಾಣುತ್ತಿತ್ತು. ಕ್ಷಮೆ ಕೇಳಬೇಕೆಂದು ದಾರಿಯಲ್ಲಿ ಜೋಡಿಸಿಕೊಂಡು ಬಂದ ಮಾತುಗಳು ಒಂದೂ ನೆನಪಾಗಲಿಲ್ಲ. ನಾನು ಪುಸ್ತಕ ತೆರೆದು, ತಾಯಿಗೆ ಓದಿ ಹೇಳುವವನಂತೆ ಗಟ್ಟಿಯಾಗಿ ಶುರು ಮಾಡಿದೆ.

“ಒಂದು ಊರಿನಲ್ಲಿ ಒಂದು ಏಡಿ ಇತ್ತು. ಅದು ರಿಕ್ಷಾ ಮಾಡಿಕೊಂಡು ವೇಣೂರಿಗೆ ಹೋಯಿತು.”

ಫ್ರಾಕಿನ ಅಂಚು ಅಲ್ಲಾಡಿತು.

“ವೇಣೂರಿನಲ್ಲಿ ಹೋಟೆಲಿಗೆ ಹೋಗಿ ಎರಡು ಗೋಳಿಬಜೆ ತಿಂದಿತು.”

“ಹಾಗೆ ಇಲ್ಲ ಅದರಲ್ಲಿ,” ಎಂದಿತು ಬಾಗಿಲು.

“ಉಂಟು. ಪುಸ್ತಕದಲ್ಲಿ ಬರೆದದ್ದೇ ನಾನು ಓದುವುದು.”

“ಸುಳ್ಳು. ಏಡಿ ನಡೆದೇ ಹೋದದ್ದು.”

“ಎಲ್ಲಿ ಉಂಟು? ತೋರಿಸು ನೋಡುವ.”

ಅವಳು ಹೊರಗೆ ಬಂದಳು. ಮುಖ ಇನ್ನೂ ಸಿಟ್ಟಿನಲ್ಲೇ ಇತ್ತು. ಪುಸ್ತಕವನ್ನು ನನ್ನ ಕೈಯಿಂದ ಕಿತ್ತುಕೊಂಡು ಬೆರಳಿಟ್ಟಳು. ಕಥೆ ಅವಳಿಗೆ ಬಾಯಿಪಾಠ. ಆ ಸಾಲು ಈ ಪುಟದಲ್ಲಿ ಎಲ್ಲೋ ಇರಲೇಬೇಕು ಎಂಬುದೂ ಗೊತ್ತು. ಬೆರಳು ಮೆಲ್ಲ ಸರಿಯಿತು. ಒಂದು ಶಬ್ದದ ಕೆಳಗೆ ನಿಂತಿತು, ಬಿಟ್ಟಿತು, ಮುಂದಿನದಕ್ಕೆ ಹೋಯಿತು, ಮತ್ತೆ ಹಿಂದೆ ಬಂತು. ಅವಳ ತುಟಿ ಸದ್ದಿಲ್ಲದೆ ಆಡುತ್ತಿತ್ತು.

ತಾಯಿಯ ಕೈ ಎಲೆಯ ಮೇಲೆ ನಿಂತಿತು. ಅವರು ಏನೋ ಹೇಳಲು ಬಾಯಿ ತೆರೆದರು. ನಾನು ಕೈ ಅಡ್ಡ ಹಿಡಿದೆ. ನನ್ನ ಬೆನ್ನು ಆಗಲೂ ಬೆವರಿತು. ಆದರೆ ಈ ಸಲ ಬಾಯಿ ಬಿಡದಿರಲು ಕೆಳತುಟಿಯನ್ನು ಕಚ್ಚಿ ಹಿಡಿದಿದ್ದೆ. ಮೂಡುಬಿದಿರೆಯ ಬಸ್ಸು ಹೋಗಲಿ, ಧರ್ಮಸ್ಥಳದ ಬಸ್ಸೂ ಹೋಗಲಿ ಎಂದುಕೊಂಡು ಕೂತೆ.

“ಏ… ಡಿ,” ಎಂದಳು ಅವಳು. “ನ… ಡೆ… ನಡೆದು… ಕೊಂಡೇ… ಹೋ… ಯಿತು.” ಬೆರಳನ್ನು ಅಲ್ಲೇ ಒತ್ತಿ ಹಿಡಿದು ನನ್ನ ಮುಖಕ್ಕೆ ಪುಸ್ತಕ ಹಿಡಿದಳು. “ನೋಡಿ. ರಿಕ್ಷಾ ಎಲ್ಲಿ ಉಂಟು ಇಲ್ಲಿ?”

“ಇಲ್ಲ,” ಎಂದೆ. “ಗೋಳಿಬಜೆ?”

ಅವಳು ಮತ್ತೆ ಬೆರಳಿಟ್ಟು ಪುಟದ ಕೊನೆಯವರೆಗೂ ಹುಡುಕಿದಳು. “ಅದೂ ಇಲ್ಲ,” ಎಂದಳು ಕೊನೆಗೆ. ಆಗ ಮೊದಲ ಸಲ ನಕ್ಕಳು.

ಅಲ್ಲಿಂದ ಮುಂದೆ ಜಗಲಿಯಲ್ಲಿ ಅದೇ ಆಟ. ತಂಗಿ ಬಂದ ದಿನ ಅವಳ ಕ್ರಮ, ಬಾರದ ದಿನ ನನ್ನದು. ನಾನು ಸುಳ್ಳು ಓದಬೇಕು, ಮಕ್ಕಳು ಬೆರಳಿಟ್ಟು ಹಿಡಿಯಬೇಕು. ಏಡಿಗೆ ದುಬೈಯಲ್ಲಿ ಕೆಲಸ ಕೊಡಿಸಿದೆ. ಕಥೆಯಲ್ಲೇ ಇಲ್ಲದ ಒಂದು ಹುಲಿಗೆ ಬಸ್ಸಿನಲ್ಲಿ ಲೇಡೀಸ್ ಸೀಟು ಬಿಟ್ಟುಕೊಡಲು ಹೇಳಿದ್ದಕ್ಕೆ ಜಗಳವಾಯಿತು. “ಸುಳ್ಳು ಮಾಮ, ಸುಳ್ಳು” ಎಂದು ಕೂಗುವವರಿಗೆ ನಾನು ಒಂದೇ ಮಾತು ಹೇಳುತ್ತಿದ್ದೆ: “ಕೂಗಿದರೆ ಆಗುವುದಿಲ್ಲ, ಓದಿ ತೋರಿಸಿ.” ತುಂಟನಿಗೆ ಬಹಳ ಕಷ್ಟವಾಯಿತು, ರಟ್ಟು ನೋಡಿ ಓದಿದವನಿಗೆ ಅಕ್ಷರ ನೋಡಿ ಓದುವುದು ಸಪ್ಪೆ. ಅವನಿನ್ನೂ ಎಡವುತ್ತಾನೆ. ನನ್ನ ಬಾಯಿಪಾಠ ಅವನಲ್ಲಿ ಆಳಕ್ಕೆ ಇಳಿದಿದೆ, ಅದು ನನ್ನ ಲೆಕ್ಕಕ್ಕೇ ಸೇರಬೇಕು.

ಏಡಿ ಮುಗಿದು, ಬೇರೆ ಪುಸ್ತಕಗಳು ಬಂದವು. ಬಸ್ಸಿನಲ್ಲಿ ಅಭ್ಯಾಸ ಮಾಡಿಕೊಂಡು ಬರಲು ನನಗೆ ಪುರುಸೊತ್ತು ಸಿಗದ ಒಂದು ದಿನ, ಓದುತ್ತಾ ಇರುವಾಗ ಹುಡುಗಿ ನನ್ನನ್ನು ತಡೆದಳು. “ಸುಳ್ಳು,” ಎಂದಳು. ಉಳಿದವರು ನಕ್ಕರು. ನಾನೂ ಬೇಕೆಂದೇ ಮಾಡಿದವನಂತೆ ನಕ್ಕೆ. ನಿಜಕ್ಕೂ ನಾನು ಆ ಸಲ ಸುಳ್ಳು ಓದಿರಲಿಲ್ಲ. ಉದ್ದದ ಶಬ್ದ, ಮೊದಲ ಅಕ್ಷರ ನೋಡಿ ಅಂದಾಜು ಹೊಡೆದಿದ್ದೆ.

ಅವಳು ನನ್ನ ಮುಖ ನೋಡಿದಳು. ಗೋಡೆ ನೋಡಿ ಓದಿದವಳಿಗೆ ಇನ್ನೊಬ್ಬರ ಗೋಡೆ ತಿಳಿಯದೆ ಇರುತ್ತದೆಯೇ? ಸರಿಯಾದ ಶಬ್ದ ಯಾವುದೆಂದು ಹೇಳಲಿಲ್ಲ. ಅದರ ಕೆಳಗೆ ಬೆರಳಿಟ್ಟಳು, ಸುಮ್ಮನೆ ಕೂತಳು. ಉಳಿದ ಮಕ್ಕಳು ಅಂಗಳದಲ್ಲಿ ಹೋಗುತ್ತಿದ್ದ ನಾಯಿ ನೋಡುತ್ತಿದ್ದರು. ನಾನು ಅಕ್ಷರ ಅಕ್ಷರವಾಗಿ ಹತ್ತಿ, ನಡುವೆ ಒಂದು ಸಲ ಜಾರಿ, ಮತ್ತೆ ಹತ್ತಿ, ಕೊನೆಗೂ ಆ ಶಬ್ದವನ್ನು ಪೂರ್ತಿ ಹೇಳಿದೆ. ಅವಳು ಬೆರಳು ತೆಗೆದಳು. ತಂಗಿ ಬಿಟ್ಟರೆ ಅಷ್ಟು ಚೆಂದ ಕಾದವರನ್ನು ನಾನು ನೋಡಿಲ್ಲ.

ಜೂನಿನಲ್ಲಿ ಅವಳು ದೊಡ್ಡ ಶಾಲೆಗೆ ಸೇರಿದಳು. ಬೆಳಗ್ಗೆ ನನ್ನ ಬಸ್ಸಿನಲ್ಲೇ ಹೋಗುತ್ತಾಳೆ. ಮೊದಲ ದಿನಗಳಲ್ಲಿ ನಾನು ಅವಳನ್ನು ಏನೂ ಕೇಳಲಿಲ್ಲ; ಕೇಳಲು ಧೈರ್ಯವಿರಲಿಲ್ಲ ಎನ್ನುವುದು ಸರಿ. ಪ್ರತಿದಿನ ಅವಳ ಸ್ಟಾಪು ಬರುವಾಗ ಕುತ್ತಿಗೆ ಚಾಚಿ ನೋಡುತ್ತಿದ್ದೆ, ಚೀಲ ಹಿಡಿದು ನಿಂತಿದ್ದಾಳೆಯೇ ಎಂದು. ಒಂದು ಬೆಳಗ್ಗೆ ಅವಳೇ ಫುಟ್‌ಬೋರ್ಡಿನ ಹತ್ತಿರ ಬಂದಳು.

“ಮಾಮ, ನಿನ್ನೆ ಸಮಾಜದ ಕ್ಲಾಸಿನಲ್ಲಿ ನನ್ನನ್ನು ಎದ್ದು ಓದಲು ಹೇಳಿದರು.”

ನಾನು ಟಿಕೆಟಿನ ಮೆಷಿನನ್ನು ಕಂಕುಳಿಗೆ ಸಿಕ್ಕಿಸಿ ಅವಳ ಕಡೆ ಬಗ್ಗಿದೆ.

“ಮತ್ತೆ?”

“ಓದಿದೆ. ಎರಡು ಕಡೆ ನಿಂತಿತು. ಟೀಚರ್ ಕಾದರು.” ಆಮೇಲೆ ದನಿ ತಗ್ಗಿಸಿದಳು. “ಆದರೆ ಹಾಳೆ ತಿರುಗಿಸುವಾಗ ಬಾಯಿಂದ ರೈಟ್ ಅಂತ ಬಂದುಬಿಟ್ಟಿತು. ಇಡೀ ಕ್ಲಾಸು ನಗೆಯಾಡಿತು.”

ಅವಳು ಓದಿದ್ದೆಲ್ಲ ಅವಳದ್ದು, ನಗೆಪಾಟಲಾದದ್ದು ಮಾತ್ರ ನನ್ನದು.

“ನೀನೆಂತ ಮಾಡಿದ್ದು?”

“ನನಗೂ ನಗೆ ಬಂತು,” ಎಂದಳು. “ಟೀಚರಿಗೂ ಬಂತು. ಮತ್ತೆ ಮುಂದಿನ ಪುಟ ಓದಿದೆ.”

ಅವಳ ಶಾಲೆ ಬಂತು. ಚೀಲವನ್ನು ಯಾರ ಮುಖಕ್ಕೋ ತಾಗಿಸಿ, ಬೈಸಿಕೊಂಡು, ತಿರುಗಿ ಬೈದು ಇಳಿದಳು. ಗೇಟಿನ ಒಳಗೆ ಹೋಗುವವರೆಗೆ ನಾನು ನೋಡುತ್ತಾ ನಿಂತೆ. ಡ್ರೈವರ್ ಕನ್ನಡಿಯಲ್ಲಿ ನನ್ನ ಬಾಯಿ ನೋಡುತ್ತಿದ್ದ.

“ಎಂತ ಮಾರಾಯ, ಹೋಗುವುದಾ ಬೇಡವಾ?”

ಆ ಶಬ್ದ ನಾಲಿಗೆಯ ತುದಿಯಲ್ಲೇ ಇತ್ತು. ಹೇಳಲು ಸ್ವಲ್ಪ ತಡವಾಯಿತು.